ರನ್ನ (ಕವಿ)

ರನ್ನನು ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾಳಿದ ಕನ್ನಡದ ಮಹಾಕವಿ. ಪಂಪ, ಪೊನ್ನರೊಂದಿಗೆ ಇವನನ್ನು ಕನ್ನಡ ಸಾಹಿತ್ಯದ ರತ್ನತ್ರಯರಲ್ಲಿ ಒಬ್ಬನೆಂದು ಗಣಿಸಲಾಗುತ್ತದೆ. ಕ್ರಿ.ಶ. ೯೪೯ರಲ್ಲಿ, ಸೌಮ್ಯ ಸಂವತ್ಸರದಲ್ಲಿ, ಮುದುವೊಳಲಿನಲ್ಲಿ, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಬಳೆಗಾರರ ಮನೆತನದಲ್ಲಿ ಜನಿಸಿದನು. ಗಂಗರ ಮಂತ್ರಿ ಚಾವುಂಡರಾಯನ ಪ್ರೋತ್ಸಾಹವನ್ನೂ, ಅನಂತರ ಕಲ್ಯಾಣ ಚಾಲುಕ್ಯ ದೊರೆಗಳಾದ ಎರಡನೆಯ ತೈಲಪ ಮತ್ತು ಸತ್ಯಾಶ್ರಯ ಇರಿವಬೆಡಂಗರ ಆಶ್ರಯವನ್ನೂ ಪಡೆದು ಕವಿಚಕ್ರವರ್ತಿ ಎಂಬ ಬಿರುದಿಗೆ ಪಾತ್ರನಾದನು. ಇವನ ಕೃತಿಗಳಲ್ಲಿ ಅಜಿತಪುರಾಣ ಮತ್ತು ಗದಾಯುದ್ಧವೆಂದೇ ಪ್ರಸಿದ್ಧವಾದ ಸಾಹಸಭೀಮವಿಜಯ ಇಂದಿಗೂ ಪೂರ್ಣವಾಗಿ ಲಭ್ಯವಿವೆ. ರಾಜ್ಯಗಳು ಉರುಳಿ ಯುದ್ಧಗಳು ಬೆನ್ನುಬೆನ್ನಿಗೆ ನಡೆದ ಕಾಲದಲ್ಲಿ ಹುಟ್ಟಿದ ಈ ಎರಡು ಕಾವ್ಯಗಳೂ ಸಾವು, ಅಗಲಿಕೆ ಮತ್ತು ಸೋಲುಗಳನ್ನು ಎದುರಿಸಿ ನಿಲ್ಲುವ ಮನುಷ್ಯರ ಕಥೆಗಳಾಗಿವೆ.

ಹುಟ್ಟೂರು ಮತ್ತು ಮನೆತನ

ತನ್ನ ಊರು, ಕುಲ, ಬಂಧುಗಳ ವಿಷಯವನ್ನು ರನ್ನನು ಅಜಿತಪುರಾಣದಲ್ಲಿ ತಾನೇ ವಿವರವಾಗಿ ಹೇಳಿಕೊಂಡಿದ್ದಾನೆ. ಪ್ರಾಚೀನ ಕನ್ನಡ ಕವಿಗಳಲ್ಲಿ ತಮ್ಮ ಬಗ್ಗೆ ಇಷ್ಟು ಮಾಹಿತಿ ಕೊಟ್ಟವರು ವಿರಳ. ಅವನ ಹೇಳಿಕೆಯಂತೆ ಬೆಳುಗಲಿ ಐನೂರು ಎಂಬ ನಾಡಿನಲ್ಲಿ ಜಂಬುಖಂಡಿ ಎಪ್ಪತ್ತು ಎಂಬ ವಿಭಾಗವಿದ್ದಿತು. ಅದರೊಳಗಿನ ಊರು ಮುದುವೊಳಲು. ಜಂಬುಖಂಡಿಯೇ ಇಂದಿನ ಜಮಖಂಡಿ. ಬೆಳುಗಲಿಯ ಹೆಸರು ಮುಧೋಳ ತಾಲ್ಲೂಕಿನ ಬೆಳಗಲಿಯಲ್ಲಿ ಉಳಿದುಬಂದಿದ್ದು, ಕವಿಯ ನೆನಪಿಗಾಗಿ ಆ ಊರನ್ನು ರನ್ನ ಬೆಳಗಲಿ ಎಂದು ಕರೆಯಲಾಗುತ್ತಿದೆ.

ಜಮಖಂಡಿ, ರಬಕವಿ–ಬನಹಟ್ಟಿ, ಮುಧೋಳ, ಬೀಳಗಿಗಳನ್ನು ಒಳಗೊಂಡ ಈ ಪ್ರದೇಶವು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಂಡ ನೆಲ. ಮುಧೋಳವು ಘಟಪ್ರಭೆಯ ದಡದಲ್ಲಿದೆ. ಎರಡೂ ನದಿಗಳು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ.

ರನ್ನನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ದೃಢಬಾಹು, ರೇಚಣ ಮತ್ತು ಮಾರಯ್ಯ ಇವನ ಸೋದರರು. ಮನೆತನದ ಧರ್ಮ ಜೈನ, ಕುಲವೃತ್ತಿ ಬಳೆಯ ವ್ಯಾಪಾರ. ಆ ಕಾಲದ ಹೆಸರಾಂತ ಕವಿಗಳಲ್ಲಿ ಹಲವರು ವಿದ್ವಾಂಸರ ಅಥವಾ ಅಧಿಕಾರಿಗಳ ಮನೆಗಳಿಂದ ಬಂದವರಾಗಿದ್ದರು. ಪಂಪನಂತೂ ಕವಿಯೂ ಹೌದು, ಸೇನಾನಿಯೂ ಹೌದು. ಅವರ ಸಾಲಿನಲ್ಲಿ ಬಳೆಯ ಮಲಾರ ಹೊತ್ತು ಮಾರುವವರ ಮನೆಯ ಹುಡುಗನೊಬ್ಬನು ಬಂದು ನಿಂತದ್ದು ಗಮನಾರ್ಹ ಸಂಗತಿ. ರನ್ನನು ತನ್ನ ಕುಲವನ್ನು ಮರೆಮಾಚಲಿಲ್ಲ. ಚಕ್ರವರ್ತಿಯ ಮನ್ನಣೆ ದೊರೆತ ಮೇಲೆ ಬರೆದ ಕಾವ್ಯದಲ್ಲಿಯೂ ಅದನ್ನು ಹೇಳಿಕೊಂಡನು.

ರನ್ನನಿಗೆ ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಪತ್ನಿಯರಿದ್ದರು. ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ. ತನಗೆ ನೆರವಾದ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆಯರ ಹೆಸರುಗಳನ್ನೇ ಅವನು ಮಕ್ಕಳಿಗೆ ಇಟ್ಟನೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಕಾಲದ ಹಿನ್ನೆಲೆ

ರನ್ನನು ಹುಟ್ಟಿದ ೯೪೯ನೆಯ ವರ್ಷದಲ್ಲಿಯೇ ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದನು. ರಾಷ್ಟ್ರಕೂಟ ಸಾಮ್ರಾಜ್ಯವು ಆಗ ಉತ್ಕರ್ಷದಲ್ಲಿದ್ದಿತು. ಆದರೆ ಕವಿಗೆ ಇಪ್ಪತ್ತಮೂರು ವರ್ಷ ತುಂಬುವಷ್ಟರಲ್ಲಿ ಎಲ್ಲವೂ ತಲೆಕೆಳಗಾಯಿತು. ೯೭೨ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ರಾಜಧಾನಿ ಮಾನ್ಯಖೇಟಕ್ಕೆ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ, ನುಗ್ಗಿ ಅದನ್ನು ಸೂರೆಮಾಡಿದನು. ಮರುವರ್ಷ ಚಾಲುಕ್ಯ ವಂಶದ ಎರಡನೆಯ ತೈಲಪನು ಕೊನೆಯ ರಾಷ್ಟ್ರಕೂಟ ದೊರೆಯಾದ ಎರಡನೆಯ ಕರ್ಕನನ್ನು ಸೋಲಿಸಿ ಸಿಂಹಾಸನವನ್ನು ಕೈವಶ ಮಾಡಿಕೊಂಡನು. ಎರಡು ಶತಮಾನಗಳಿಗಿಂತ ಹೆಚ್ಚು ಕಾಲ ಬಾಳಿದ ಸಾಮ್ರಾಜ್ಯವು ಹೀಗೆ ಕೊನೆಗೊಂಡಿತು.

ರಾಷ್ಟ್ರಕೂಟರ ಪಕ್ಷ ವಹಿಸಿದ್ದ ಗಂಗ ದೊರೆ ಮಾರಸಿಂಹನು, ಮೂರನೆಯ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟಕಟ್ಟಿ ರಾಜ್ಯವನ್ನು ಉಳಿಸಲು ಯತ್ನಿಸಿ ವಿಫಲನಾದನು. ೯೭೪ರ ಸುಮಾರಿಗೆ ಅವನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟನು. ೯೮೨ರಲ್ಲಿ ಆ ಇಂದ್ರನೂ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ಮರಣವನ್ನು ಅಪ್ಪಿದನು. ಅಧಿಕಾರವು ಕೈಯಿಂದ ಕೈಗೆ ಜಾರುವುದನ್ನೂ, ರಾಜರು ಎಲ್ಲವನ್ನೂ ಬಿಟ್ಟು ನಡೆಯುವುದನ್ನೂ ರನ್ನನ ತಲೆಮಾರು ಪುರಾಣದಲ್ಲಿ ಓದಿ ಮಾತ್ರವಲ್ಲ, ಕಣ್ಣೆದುರಿಗೆ ಕಂಡು ತಿಳಿದಿದ್ದಿತು.

ವಿದ್ಯಾಭ್ಯಾಸ ಮತ್ತು ಚಾವುಂಡರಾಯನ ಪ್ರೋತ್ಸಾಹ

ವಿದ್ಯೆಯ ಹಂಬಲದಿಂದ ರನ್ನನು ಹುಟ್ಟೂರನ್ನು ಬಿಟ್ಟು ನೂರಾರು ಕಿಲೋಮೀಟರ್ ದೂರದ ಗಂಗರ ನಾಡಿಗೆ ಹೋದನು. ಮಾರಸಿಂಹನ ಅಂತ್ಯಕಾಲದಲ್ಲಿ ಜೊತೆಗಿದ್ದ ಅಜಿತಸೇನಾಚಾರ್ಯರೇ ಅವನಿಗೂ ಗುರುಗಳಾದರು. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಅದೇ ಗುರುವಿನ ಶಿಷ್ಯ. ಚಾವುಂಡರಾಯನು ಸ್ವತಃ ಗ್ರಂಥಕಾರ. ೯೭೮ರಲ್ಲಿ ರಚಿತವಾದ ಅವನ ಚಾವುಂಡರಾಯ ಪುರಾಣವು ಕನ್ನಡದ ಪ್ರಾಚೀನ ಗದ್ಯಕೃತಿಗಳಲ್ಲಿ ಮುಖ್ಯವಾದದ್ದು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದವನೂ ಅವನೇ. ಇಂತಹವನ ಪ್ರೋತ್ಸಾಹದಲ್ಲಿ ರನ್ನನು ಸಂಸ್ಕೃತ, ಪ್ರಾಕೃತ, ಕನ್ನಡಗಳಲ್ಲಿಯೂ ಜೈನಾಗಮದಲ್ಲಿಯೂ ಪಾಂಡಿತ್ಯವನ್ನು ಗಳಿಸಿದನು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ ಕವಿರತ್ನ ಎಂಬ ಬರಹವಿದೆ. ಕವಿರತ್ನ ಎಂಬುದು ರನ್ನನ ಬಿರುದುಗಳಲ್ಲಿ ಒಂದಾದುದರಿಂದ ಅದು ಅವನದೇ ಕೈಬರಹವಾಗಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ.

ಚಾಲುಕ್ಯರ ಆಸ್ಥಾನದಲ್ಲಿ

ಗಂಗರ ಪ್ರಾಬಲ್ಯವು ಕುಗ್ಗುತ್ತಿದ್ದಂತೆ ರನ್ನನು ಉತ್ತರಕ್ಕೆ ಮರಳಿ ಚಾಲುಕ್ಯರ ಆಸ್ಥಾನವನ್ನು ಸೇರಿದನು. ಮೊದಲು ಸಾಮಂತರಿಂದ, ಬಳಿಕ ಮಂಡಲೇಶ್ವರರಿಂದ, ಕೊನೆಗೆ ಚಕ್ರವರ್ತಿಯಿಂದ ತನಗೆ ಮನ್ನಣೆ ದೊರೆಯಿತೆಂದು ಅವನು ತನ್ನ ಏಳಿಗೆಯನ್ನು ಮೆಟ್ಟಿಲುಮೆಟ್ಟಿಲಾಗಿ ವಿವರಿಸಿದ್ದಾನೆ. ತೈಲಪನು ಅವನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನಿತ್ತು ಗೌರವಿಸಿದನು. ಕನ್ನಡದಲ್ಲಿ ಈ ಬಿರುದನ್ನು ಪಡೆದವರೆಂದು ಪ್ರಸಿದ್ಧರಾದ ಮೂವರು ಪೊನ್ನ, ರನ್ನ ಮತ್ತು ಜನ್ನ.

ಹೊಸ ಸಾಮ್ರಾಜ್ಯವೂ ನೆಮ್ಮದಿಯ ನೆಲೆಯಾಗಿರಲಿಲ್ಲ. ತೈಲಪನಿಗೆ ಉತ್ತರದಲ್ಲಿ ಪರಮಾರ ಮುಂಜನೊಡನೆ ಕಾದಾಟ ಬಿಡಲಿಲ್ಲ. ೯೯೭ರಲ್ಲಿ ಪಟ್ಟವೇರಿದ ಸತ್ಯಾಶ್ರಯನು ದಕ್ಷಿಣದಿಂದ ಏರಿಬಂದ ಚೋಳರನ್ನು ಎದುರಿಸಬೇಕಾಯಿತು. ಚೋಳರ ಸೇನೆಯು ಇಂದಿನ ವಿಜಯಪುರ ಜಿಲ್ಲೆಯ ದೋಣೂರಿನವರೆಗೆ ಬಂದು ಬೀಡುಬಿಟ್ಟು ನಾಡನ್ನು ಹಾಳುಗೆಡವಿದ್ದನ್ನು ೧೦೦೭ರ ಹೊಟ್ಟೂರು ಶಾಸನವು ದಾಖಲಿಸುತ್ತದೆ. ರನ್ನನು ಕಾವ್ಯದಲ್ಲಿ ಬಣ್ಣಿಸಿದ ರಣರಂಗವು ಅವನ ಓದುಗರಿಗೆ ದೂರದ ಕುರುಕ್ಷೇತ್ರವಷ್ಟೇ ಆಗಿರಲಿಲ್ಲ.

ಅತ್ತಿಮಬ್ಬೆ ಮತ್ತು ಅಜಿತಪುರಾಣ

ರನ್ನನ ಬಾಳಿನಲ್ಲಿ ಚಾವುಂಡರಾಯನಷ್ಟೇ ಮುಖ್ಯಳಾದವಳು ಅತ್ತಿಮಬ್ಬೆ. ಅವಳು ವೆಂಗಿನಾಡಿನ ಮೂಲದ ದಂಡನಾಯಕ ಮಲ್ಲಪನ ಮಗಳು. ತೈಲಪನ ಮಂತ್ರಿ ದಲ್ಲಪನ ಸೊಸೆ. ವೀರನೆಂದು ಹೆಸರಾದ ನಾಗದೇವನ ಪತ್ನಿ. ಅವಳ ತಂಗಿ ಗುಂಡಮಬ್ಬೆಯನ್ನೂ ನಾಗದೇವನೇ ಮದುವೆಯಾಗಿದ್ದನು. ನಾಗದೇವನು ಅಕಾಲದಲ್ಲಿ ಮರಣ ಹೊಂದಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಗಂಡನನ್ನೂ ಒಡಹುಟ್ಟಿದ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡ ಅತ್ತಿಮಬ್ಬೆಗೆ ಉಳಿದವನು ಪಡೆವಳ ತೈಲನೆಂಬ ಮಗನೊಬ್ಬನೇ.

ಅವಳು ಬದುಕುವ ದಾರಿಯನ್ನು ಆರಿಸಿಕೊಂಡಳು. ವ್ರತ, ದಾನ ಮತ್ತು ಗ್ರಂಥರಕ್ಷಣೆ ಅವಳ ಉಳಿದ ಆಯುಷ್ಯವನ್ನು ತುಂಬಿದವು. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರರ ನೆನಪಿಗಾಗಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಆ ಕಾವ್ಯವು ನಶಿಸಿಹೋಗಬಾರದೆಂದು ಅತ್ತಿಮಬ್ಬೆಯು ಅದರ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪ್ರತಿಯೊಂದು ಹೊತ್ತಿಗೆಯನ್ನೂ ತಾಳೆಗರಿಯ ಮೇಲೆ ಒಂದೊಂದೇ ಅಕ್ಷರವಾಗಿ ಕೈಯಿಂದಲೇ ಬರೆಯಬೇಕಾಗಿತ್ತು. ಗೆದ್ದಲು, ಬೆಂಕಿ, ದಂಡಯಾತ್ರೆಗಳಿಂದ ಒಂದು ಊರಿನ ಪ್ರತಿ ಹಾಳಾದರೂ ಇನ್ನೊಂದು ಊರಿನಲ್ಲಿ ಉಳಿಯಲೆಂಬ ದೂರದೃಷ್ಟಿ ಈ ಕಾರ್ಯದಲ್ಲಿ ಕಾಣುತ್ತದೆ. ಇದರೊಂದಿಗೆ ಚಿನ್ನ ಮತ್ತು ರತ್ನಗಳ ಒಂದು ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿಕೊಟ್ಟಳೆಂಬ ಪ್ರಸಿದ್ಧಿಯೂ ಅವಳಿಗಿದೆ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದ್ದು, ೧೦೦೭ರ ಅಲ್ಲಿನ ಶಾಸನವು ಅವಳ ಕೀರ್ತಿಯನ್ನು ಹೇಳುತ್ತದೆ.

ಈ ಅತ್ತಿಮಬ್ಬೆಯ ಅಪೇಕ್ಷೆಯಂತೆ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದನು. ಇದು ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ಎರಡನೆಯ ತೀರ್ಥಂಕರನಾದ ಅಜಿತನಾಥನ ಚರಿತೆ ಇದರ ವಸ್ತು. ಇತರ ಜೈನಪುರಾಣಗಳಲ್ಲಿ ನಾಯಕನ ಹಲವು ಹಿಂದಿನ ಜನ್ಮಗಳ ಕಥೆಗಳು ಹೆಣೆದುಕೊಂಡಿರುತ್ತವೆ. ಇಲ್ಲಿ ಆ ತೊಡಕು ಕಡಿಮೆ. ವಿಮಲವಾಹನ ರಾಜನಾಗಿದ್ದ ಒಂದು ಭವದ ಕಥೆಯಿಂದ ಕವಿಯು ನೇರವಾಗಿ ಅಜಿತನ ಬಾಳಿಗೆ ಬರುತ್ತಾನೆ.

ಕಾವ್ಯದ ಕೊನೆಯ ಭಾಗದಲ್ಲಿ ಬರುವ ಸಗರ ಚಕ್ರವರ್ತಿಯ ಪ್ರಸಂಗವು ಓದುಗರನ್ನು ಆಳವಾಗಿ ತಟ್ಟುತ್ತದೆ. ಸತ್ತ ಮಗನನ್ನು ಬದುಕಿಸಿಕೊಡಬೇಕೆಂದು ಬೇಡುತ್ತ ಮುದಿ ಬ್ರಾಹ್ಮಣನೊಬ್ಬನು ಸಗರನಲ್ಲಿಗೆ ಬರುತ್ತಾನೆ. ಮರಣವನ್ನು ಯಾರೂ ತಪ್ಪಿಸಲಾರರೆಂದು ಚಕ್ರವರ್ತಿಯು ಅವನನ್ನು ಸಂತೈಸುತ್ತಾನೆ. ಅನಂತರವೇ ಅವನ ಅರವತ್ತು ಸಾವಿರ ಮಕ್ಕಳ ಮರಣವಾರ್ತೆ ಅವನಿಗೆ ತಿಳಿಯುವುದು. ಪರರಿಗೆ ಹೇಳಿದ ಸಮಾಧಾನವನ್ನು ತನ್ನ ಎದೆಗೇ ಹೇಳಿಕೊಳ್ಳಬೇಕಾದ ಗಳಿಗೆ ಅದು. ಸಗರನು ಸಿಂಹಾಸನವನ್ನು ತೊರೆದು ತಪಸ್ಸಿಗೆ ಹೊರಡುತ್ತಾನೆ. ಸಾವಿನ ನೋವನ್ನು ಬಲ್ಲ ಹೆಣ್ಣೊಬ್ಬಳು ಬರೆಯಿಸಿದ ಕಾವ್ಯದಲ್ಲಿ ಈ ಪ್ರಸಂಗವಿರುವುದನ್ನು ನೆನೆದರೆ ಅದರ ತೂಕ ಹೆಚ್ಚುತ್ತದೆ.

ರನ್ನನು ಈ ಕಾವ್ಯದಲ್ಲಿ ಅತ್ತಿಮಬ್ಬೆಯ ಮನೆತನದ ಚರಿತ್ರೆಯನ್ನೂ ಅವಳ ಗುಣಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಅವಳ ನಿರ್ಮಲತೆಗೆ ಅವನು ಕೊಟ್ಟ ಹೋಲಿಕೆಗಳಲ್ಲಿ ಬಿಳಿಯ ಅರಳೆಯೂ ಒಂದು. ರಾಜರ ಹೊಗಳಿಕೆಯೇ ವಾಡಿಕೆಯಾಗಿದ್ದ ಕಾಲದಲ್ಲಿ ಒಬ್ಬ ವಿಧವೆಯನ್ನು ಕಾವ್ಯದ ಆಶ್ರಯದಾತೆಯಾಗಿ ಇಷ್ಟು ಗೌರವದಿಂದ ಚಿತ್ರಿಸಿದ್ದು ಅಪರೂಪದ ನಡೆ.

ಸಾಹಸಭೀಮವಿಜಯ

ರನ್ನನ ಹೆಸರನ್ನು ಎಲ್ಲೆಡೆ ಹಬ್ಬಿಸಿದ ಕಾವ್ಯ ಸಾಹಸಭೀಮವಿಜಯ ಅಥವಾ ಗದಾಯುದ್ಧ. ಇದರಲ್ಲಿ ಹತ್ತು ಆಶ್ವಾಸಗಳಿವೆ. ಕಥಾನಾಯಕ ಭೀಮನೊಂದಿಗೆ ಸತ್ಯಾಶ್ರಯನನ್ನು ಅಭೇದವಾಗಿ ಕಲ್ಪಿಸಿ ಕಾವ್ಯವನ್ನು ರಚಿಸಲಾಗಿದೆ. ಪಂಪನ ವಿಕ್ರಮಾರ್ಜುನವಿಜಯದ ಹದಿಮೂರನೆಯ ಆಶ್ವಾಸವು ಇದಕ್ಕೆ ಪ್ರೇರಣೆ. ಭಾಸನ ಊರುಭಂಗ ಮತ್ತು ಭಟ್ಟನಾರಾಯಣನ ವೇಣೀಸಂಹಾರ ನಾಟಕಗಳ ಪ್ರಭಾವವನ್ನೂ ವಿಮರ್ಶಕರು ಗುರುತಿಸಿದ್ದಾರೆ. ಭಾರತ ಯುದ್ಧದ ಕೊನೆಯ ದಿನವನ್ನು ಮುಖ್ಯವಾಗಿ ಹಿಡಿದು, ಹಿಂದಿನ ಘಟನೆಗಳನ್ನು ಪಾತ್ರಗಳ ಮಾತಿನಲ್ಲಿ ನೆನಪಿಸುತ್ತ ಸಾಗುವುದು ಇದರ ರೀತಿ. ಇದನ್ನು ಸಿಂಹಾವಲೋಕನ ಕ್ರಮವೆಂದು ಕರೆಯುತ್ತಾರೆ.

ಬಲವೆಲ್ಲ ಅಳಿದ ಮೇಲೆ ದುರ್ಯೋಧನನನ್ನು ಕಾಣಲು ಧೃತರಾಷ್ಟ್ರ ಮತ್ತು ಗಾಂಧಾರಿಯರು ಬಂದು, ಇನ್ನಾದರೂ ಸಂಧಿ ಮಾಡಿಕೊಳ್ಳೆಂದು ಬೇಡುತ್ತಾರೆ. ಅವನು ಒಪ್ಪುವುದಿಲ್ಲ. ಭೀಷ್ಮನನ್ನು ಕಾಣಲೆಂದು ಸಂಜಯನ ಆಸರೆಯಲ್ಲಿ, ಹೆಣಗಳಿಂದ ತುಂಬಿದ ರಣರಂಗದ ನಡುವೆ ನಡೆಯುತ್ತಾನೆ. ಮರುಳುಗಳು ಅವನನ್ನು ಅಣಕಿಸುತ್ತವೆ. ದಾರಿಯಲ್ಲಿ ಗುರು ದ್ರೋಣನ, ಅಭಿಮನ್ಯುವಿನ, ಮಗ ಲಕ್ಷಣಕುಮಾರನ, ತಮ್ಮ ದುಶ್ಶಾಸನನ, ಗೆಳೆಯ ಕರ್ಣನ ಶವಗಳು ಒಂದೊಂದಾಗಿ ಎದುರಾಗುತ್ತವೆ. ಪ್ರತಿಯೊಬ್ಬರ ಮುಂದೆಯೂ ಅವನು ನಿಂತು ದುಃಖಿಸುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿಗೂ ಕೈಮುಗಿದು, ಅವನಂತಹ ವೀರಮರಣ ತನಗೂ ಒದಗಲೆಂದು ಹಾರೈಸುತ್ತಾನೆ. ಮಗನು ತಂದೆಗೆ ಸಲ್ಲಿಸಬೇಕಾದ ಕ್ರಿಯೆಯನ್ನು ತಂದೆಯೇ ಮಗನಿಗೆ ಸಲ್ಲಿಸುವಂತಾಯಿತಲ್ಲ ಎಂದು ಲಕ್ಷಣಕುಮಾರನ ಬಳಿ ಮರುಗುತ್ತಾನೆ. ಕರ್ಣನ ಬಳಿ ನಿಂತಾಗ, ಈ ಗೆಳೆಯನಿಲ್ಲದ ಮೇಲೆ ರಾಜ್ಯದಿಂದ ಆಗುವುದೇನೆಂದು ಹಲುಬುತ್ತಾನೆ.

ಭೀಷ್ಮನ ಸಲಹೆಯಂತೆ, ತನ್ನ ಕಡೆ ಉಳಿದವರು ಬಂದು ಕೂಡುವವರೆಗೆ ಕಾಲ ಕಳೆಯಲು, ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮನ ಗರ್ಜನೆಯನ್ನು ಕೇಳಿ ರೋಷವುಕ್ಕಿ ತಣ್ಣೀರಿನ ನಡುವೆಯೂ ಅವನ ಮೈ ಬೆವರುತ್ತದೆ. ಸೋಲು ಖಚಿತವೆಂದು ತಿಳಿದಿದ್ದರೂ ಅವನು ಹೊರಬಂದು ಕಾದುತ್ತಾನೆ. ಭೀಮನು ಗೆದ್ದು ಪಟ್ಟಾಭಿಷಿಕ್ತನಾಗುವುದರೊಂದಿಗೆ ಕಾವ್ಯವು ಮುಗಿಯುತ್ತದೆ.

ಆಶ್ರಯದಾತನ ಸಲುವಾಗಿ ಭೀಮನನ್ನು ನಾಯಕನನ್ನಾಗಿ ಮಾಡಿದ್ದರೂ, ಓದುಗರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನನೇ. ಅವನ ತಪ್ಪುಗಳನ್ನು ಕವಿಯು ಮುಚ್ಚಿಡುವುದಿಲ್ಲ. ಆದರೆ ಗೆಲ್ಲುವ ಆಸೆಯೇ ಇಲ್ಲದಾಗಲೂ ತನ್ನವರನ್ನು ಮರೆಯದೆ, ಶತ್ರುವಿನ ಹಿರಿಮೆಗೆ ತಲೆಬಾಗುವ ಗುಣವನ್ನು ಅವನಲ್ಲಿ ತೋರಿಸುತ್ತಾನೆ. ಸೋತವನಿಗೂ ಘನತೆಯುಂಟೆಂಬ ಈ ದೃಷ್ಟಿಯೇ ಗದಾಯುದ್ಧವು ಬಹುಕಾಲ ಬಾಳಲು ಮುಖ್ಯ ಕಾರಣ.

ಇತರ ಕೃತಿಗಳು

ಪರಶುರಾಮಚರಿತ ಮತ್ತು ಚಕ್ರೇಶ್ವರಚರಿತ ಎಂಬ ಇನ್ನೆರಡು ಕಾವ್ಯಗಳನ್ನೂ ರನ್ನನು ರಚಿಸಿದ್ದನು; ಅವು ಉಪಲಬ್ಧವಿಲ್ಲ. ಚಾವುಂಡರಾಯನಿಗೆ ಸಮರಪರಶುರಾಮ ಎಂಬ ಬಿರುದಿದ್ದುದರಿಂದ ಮೊದಲನೆಯದು ಅವನನ್ನು ಕುರಿತದ್ದೆಂದೂ, ಎರಡನೆಯದು ತೈಲಪನನ್ನು ಕುರಿತದ್ದೆಂದೂ ಊಹಿಸಲಾಗಿದೆ. ರನ್ನಕಂದ ಎಂಬುದು ಕಂದಪದ್ಯಗಳಲ್ಲಿರುವ ನಿಘಂಟು. ಅದರ ಕೆಲವೇ ಪದ್ಯಗಳು ಸಿಕ್ಕಿವೆ. ಅತ್ತಿಮಬ್ಬೆಯು ಪೊನ್ನನ ಕಾವ್ಯಕ್ಕೆ ಮಾಡಿದಂತೆ ಸಾವಿರ ಪ್ರತಿ ಮಾಡಿಸುವವರು ಎಲ್ಲ ಕೃತಿಗಳಿಗೂ ದೊರೆಯಲಿಲ್ಲವೆಂಬುದನ್ನು ಈ ನಷ್ಟಗಳು ನೆನಪಿಸುತ್ತವೆ.

ಕಾವ್ಯಶೈಲಿ

ರನ್ನನದು ಓಜಸ್ಸಿನ ಶೈಲಿ. ಗದ್ಯಪದ್ಯಗಳ ಮಿಶ್ರಣವಾದ ಚಂಪೂರೂಪದಲ್ಲಿ ಬರೆದರೂ, ಪಾತ್ರಗಳನ್ನು ಎದುರುಬದುರು ನಿಲ್ಲಿಸಿ ಮಾತನಾಡಿಸುವ ನಾಟಕೀಯತೆ ಅವನ ವೈಶಿಷ್ಟ್ಯ. ವೀರ, ರೌದ್ರ, ಕರುಣ ರಸಗಳಲ್ಲಿ ಅವನು ಸಿದ್ಧಹಸ್ತ. ಕೋಪದ ಮಾತಿಗೆ ಬಿರುಸಿನ ಅಕ್ಷರಗಳನ್ನೂ, ಶೋಕದ ಮಾತಿಗೆ ಸರಳವಾದ ಕನ್ನಡವನ್ನೂ ಅವನು ಬಳಸುತ್ತಾನೆ. ಹೀಗಾಗಿ ದುರ್ಯೋಧನನ ಪ್ರಲಾಪದ ಪದ್ಯಗಳು ಹಳಗನ್ನಡದ ಅಭ್ಯಾಸ ಅಷ್ಟಾಗಿ ಇಲ್ಲದವರನ್ನೂ ಮುಟ್ಟುತ್ತವೆ.

ತನ್ನ ಕವಿತ್ವದ ಬಗ್ಗೆ ರನ್ನನಿಗೆ ಅಪಾರವಾದ ಆತ್ಮವಿಶ್ವಾಸವಿದ್ದಿತು. ಸರಸ್ವತಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನೆಂದು ಅವನು ಹೇಳಿಕೊಂಡಿದ್ದಾನೆ. ಇದನ್ನು ಕೆಲವರು ಅಹಂಕಾರವೆಂದು ಎಣಿಸಿದರೆ, ಕುಲದ ಬಲವಾಗಲಿ ಅಧಿಕಾರದ ಬಲವಾಗಲಿ ಇಲ್ಲದೆ ಕೇವಲ ವಿದ್ಯೆಯಿಂದ ಮೇಲೇರಿದವನ ಹೆಮ್ಮೆಯೆಂದು ಇನ್ನು ಕೆಲವರು ಅರ್ಥೈಸಿದ್ದಾರೆ.

ಪ್ರಭಾವ ಮತ್ತು ಸ್ಮರಣೆ

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಭಾಷಾಪ್ರಯೋಗಗಳಿಗೆ ಉದಾಹರಣೆಯಾಗಿ ರನ್ನನ ಪದ್ಯಭಾಗಗಳನ್ನು ಬಳಸಿಕೊಂಡಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಕಾವ್ಯದಲ್ಲಿ ಅಡಗಿದ್ದ ನಾಟಕವನ್ನು ಗುರುತಿಸಿ, ಅದನ್ನು ಗದಾಯುದ್ಧ ನಾಟಕಂ ಎಂಬ ಹೆಸರಿನಿಂದ ರಂಗಕ್ಕೆ ಹೊಂದಿಸಿದರು. ಅದರಲ್ಲಿ ದುರ್ಯೋಧನನು ಗ್ರೀಕ್ ರುದ್ರನಾಟಕಗಳ ನಾಯಕರಿಗೆ ಸಾಟಿಯಾಗಿ ಕಾಣಿಸಿಕೊಂಡನು. ಗದಾಯುದ್ಧದ ಭಾಗಗಳು ಕರ್ನಾಟಕದ ಶಾಲಾ ಕಾಲೇಜುಗಳ ಪಠ್ಯಗಳಲ್ಲಿ ಸೇರುತ್ತ ಬಂದಿವೆ. ಅತ್ತಿಮಬ್ಬೆಯ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಲೇಖಕಿಯರಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯನ್ನು ನೀಡುತ್ತಿದೆ.

ಮುಧೋಳವು ಮುಂದೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು, ೧೯೪೮ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ, ೧೯೫೬ರ ಏಕೀಕರಣದಲ್ಲಿ ಅಂದಿನ ಮೈಸೂರು ರಾಜ್ಯಕ್ಕೂ ಸೇರಿತು. ೧೯೯೭ರಿಂದ ಬಾಗಲಕೋಟೆ ಜಿಲ್ಲೆಯ ಭಾಗವಾಗಿದೆ. ಕವಿಯ ಹೆಸರಿನಲ್ಲಿ ಅಲ್ಲಿ ರನ್ನ ವೈಭವ ಎಂಬ ಉತ್ಸವವು ನಡೆಯುತ್ತ ಬಂದಿದ್ದು, ಗೋಷ್ಠಿಗಳೂ ಸಾಂಸ್ಕೃತಿಕ ಕಾರ್ಯಕ್ರಮಗಳೂ ಏರ್ಪಡುತ್ತವೆ. ರಾಷ್ಟ್ರಕೂಟ, ಗಂಗ, ಚಾಲುಕ್ಯ ಸಿಂಹಾಸನಗಳೆಲ್ಲ ಅಳಿದ ಬಳಿಕವೂ ಮುದುವೊಳಲಿನ ಬಳೆಗಾರರ ಮಗನ ಎರಡು ಕಾವ್ಯಗಳು ಓದುಗರ ಕೈಯಲ್ಲಿವೆ.